ಗೆಳೆಯರೊಡನೆ ಪಯಣ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಯಾರೊಡನೆ ಸುತ್ತಬೇಕು, ಯಾವ ತಿಂಗಳಲ್ಲಿ ಸುತ್ತಬೇಕು, ಯಾರ ದುಡ್ಡಿನಲ್ಲಿ ಸುತ್ತಬೇಕು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಕೋಶ ಓದಿಸುವುದಕ್ಕೆಂದು ಹದಿನೈದು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸುವ ನಾವು, ದೇಶ ಸುತ್ತುವುದು ಹೇಗೆಂದು ಹದಿನೈದು ನಿಮಿಷದ ಪಾಠವನ್ನೂ ಹೇಳುವುದಿಲ್ಲ. ಪದವಿಯ ಕೊನೆಯ ಪರೀಕ್ಷೆ ಬರೆದು ಹೊರಬಿದ್ದ ಹುಡುಗರು ಮೊದಲು ಆಡುವ ಮಾತು 'ಎಲ್ಲಿಗಾದರೂ ಹೋಗೋಣ' ಎಂಬುದು. ಆ ಮಾತನ್ನು ಮನೆಯ ಹಿರಿಯರು ಒಂದೋ ನಕ್ಕು ತಳ್ಳಿಹಾಕುತ್ತಾರೆ, ಇಲ್ಲವೆ ಗದರಿ ತಳ್ಳಿಹಾಕುತ್ತಾರೆ. ಈ ಹೊತ್ತು ಅದನ್ನು ತಳ್ಳಿಹಾಕದೆ ತಮ್ಮ ಮುಂದಿಟ್ಟು ನೋಡಬೇಕೆಂದಿದ್ದೇನೆ.

ನನ್ನದು ಕನ್ನಡ ಪಂಡಿತನ ಕಸುಬು. ಶಬ್ದದಿಂದ ಆರಂಭಿಸದೆ ಮಾತು ಮುಂದಕ್ಕೆ ಸಾಗದು. 'ಪ್ರವಾಸ'ವೆಂದರೆ ಮೂಲದಲ್ಲಿ ಮನೆಯನ್ನು ಬಿಟ್ಟು ಬೇರೆಡೆ ವಾಸಿಸುವುದು. ನೋಡತಕ್ಕ ಸ್ಥಳಗಳ ಪಟ್ಟಿಗೂ ಅದಕ್ಕೂ ಸಂಬಂಧವಿರಲಿಲ್ಲ. 'ಸಂಬಳ'ವೆಂಬ ಮಾತು ಇನ್ನೂ ಸ್ವಾರಸ್ಯವಾದದ್ದು. ಸಂಸ್ಕೃತದಲ್ಲಿ ಶಂಬಲವೆಂದರೆ ದಾರಿಯ ಬುತ್ತಿ, ಪಾಥೇಯ. ಪಯಣಿಗನ ಕೈಗೆ ಕಟ್ಟಿಕೊಡುತ್ತಿದ್ದ ಆ ಬುತ್ತಿಯೇ ಕಾಲಾಂತರದಲ್ಲಿ ನಾವು ತಿಂಗಳಿಗೊಮ್ಮೆ ಎಣಿಸಿಕೊಳ್ಳುವ ಸಂಬಳವಾಯಿತು. ಪದವಿ ಮುಗಿಸಿದ ಮಕ್ಕಳ ಪಾಡು ಈ ಎರಡರ್ಥಗಳ ನಡುವೆ ಸಿಕ್ಕಿಕೊಂಡಿದೆ. ತಾಯಿ ಕಟ್ಟಿಕೊಡುವ ಬುತ್ತಿಯ ಕಾಲ ಮುಗಿಯುತ್ತ ಬಂದಿದೆ, ಎಣಿಸಿಕೊಳ್ಳುವ ಸಂಬಳ ಇನ್ನೂ ಕೈಗೆ ಬಂದಿಲ್ಲ. ಅವರು ಪಯಣ ಹೊರಡಲೆಳಸುವುದು ಸರಿಯಾಗಿ ಆ ಎರಡು ಮೂರು ತಿಂಗಳಲ್ಲಿಯೇ.

ಭಟ್ಕಳದ ಪಕ್ಕದ ನಮ್ಮ ತೆಂಗಿನಗುಂಡಿಯ ಹೆಸರನ್ನು ಕೇಳಿದ ಘಟ್ಟದ ಮೇಲಿನವರು, ಅದು ತೆಂಗಿನ ಸಸಿ ನೆಡಲು ತೋಡಿದ ಗುಂಡಿಯಿರಬೇಕೆಂದು ತಿಳಿಯುವುದುಂಟು. ತೆಂಗೂ ಇದೆ, ಆದರೆ ಊರಿಗೆ ಅನ್ನ ಬರುವುದು ಬಂದರದಿಂದ. ಬೋಟುಗಳು, ಬಲೆ, ಮಂಜುಗಡ್ಡೆಯ ಗಾಡಿ, ಮೀನಿನ ಬುಟ್ಟಿ, ಇವುಗಳ ನಡುವೆಯೇ ಮಕ್ಕಳು ಶಾಲೆಗೆ ಬರುತ್ತಾರೆ. ಹೀಗೆ ಬಂದು ನನ್ನಲ್ಲಿ ಕನ್ನಡ ಕಲಿತು ಹೋದ ಐವರು ಈಗ ಪದವಿಯ ಕಡೆಯ ವರ್ಷವನ್ನು ಮುಗಿಸಿದ್ದಾರೆ. ಒಬ್ಬನು ಮೊಗೇರರ ಹುಡುಗ, ಅಣ್ಣನ ಬೋಟಿಗೆ ಸೇರುವವನು. ಒಬ್ಬನು ನವಾಯತರ ಮನೆಯವನು, ಸೋದರಮಾವನ ಬಳಿ ದುಬೈಗೆ ಹೊರಟವನು. ಇನ್ನೊಬ್ಬನಿಗೆ ಬೆಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ ಗೊತ್ತಾಗಿದೆ. ನಾಲ್ಕನೆಯವನು ಬಿ.ಎಡ್. ಮಾಡುವನಂತೆ, ಕಲಿಸುವ ಕಸುಬಿನ ಕಷ್ಟವನ್ನು ನನ್ನಲ್ಲಿ ನೋಡಿಯೂ ಈ ನಿರ್ಧಾರಕ್ಕೆ ಬಂದಿದ್ದಾನೆಂದರೆ ಅವನ ಧೈರ್ಯವನ್ನು ಮೆಚ್ಚಬೇಕು. ಐದನೆಯವನು ತಂದೆಯ ಅಂಗಡಿಯಲ್ಲಿ ಕೂರುವವನು. ಒಂದನೆಯ ಇಯತ್ತೆಯಿಂದ ಒಂದೇ ದಾರಿಯಲ್ಲಿ ನಡೆದ ಹತ್ತು ಕಾಲುಗಳು ಇನ್ನು ಮೂರು ತಿಂಗಳಲ್ಲಿ ಐದು ದಿಕ್ಕಿಗೆ ಹೊರಳುತ್ತವೆ. 'ಅದಕ್ಕಿಂತ ಮೊದಲು ಒಂದು ಸಲ ಸರ್' ಎಂದು ಅವರು ನನ್ನಲ್ಲಿಗೆ ಬಂದಾಗ ಕೈಯಲ್ಲಿ ಊರುಗಳ ಒಂದು ಪಟ್ಟಿಯಿತ್ತು.

ಪಟ್ಟಿಯ ಆರಂಭ ಲಡಾಖಿನಿಂದ. ಅನಂತರ ಗೋವೆ, ಊಟಿ, ಮುನ್ನಾರು. ಲಡಾಖನ್ನು ದೂರವೇ ಅಳಿಸಿತು. ಗೋವೆಯ ಮಾತು ಬಂದಾಗ ನಾನು ಕೇಳಿದ್ದಿಷ್ಟೆ: 'ಕಡಲನ್ನು ನೋಡುವುದಕ್ಕೆ ತೆಂಗಿನಗುಂಡಿಯವರು ಗೋವೆಗೆ ಹೋಗಬೇಕೇ?' ಆ ಊರಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಎಲ್ಲರೂ ಹೋದರೆಂದು ಹೋಗುವುದು ಜಾತ್ರೆಗೆ ಸರಿ, ಗೆಳೆಯರು ಕೂಡಿ ಕೈಗೊಳ್ಳುವ ಪಯಣಕ್ಕೆ ಸಲ್ಲದು ಎಂಬುದು ನನ್ನ ಮತ. ಅವರು ಅಂದೇ ಒಪ್ಪಲಿಲ್ಲ. ಎರಡು ಮೂರು ಸಂಜೆ ಚರ್ಚೆಯಾಯಿತು.

ಊರಿಗಿಂತ ಕಠಿನವಾದದ್ದು ತಿಂಗಳಿನ ಪ್ರಶ್ನೆ. ಪಡುವಣ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಂತ್ರದ ಬೋಟುಗಳು ಮೀನು ಹಿಡಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಸರಕಾರ ಮಾಡಿದ ನಿಯಮವಿದು. ಆಗಸ್ಟ್ ಬಂತೆಂದರೆ ಬೋಟುಗಳು ಇಳಿಯುತ್ತವೆ, ಮೊಗೇರರ ಹುಡುಗನಿಗೆ ಮತ್ತೆ ಬಿಡುವು ಸಿಕ್ಕುವುದು ಮುಂದಿನ ಜೂನಿಗೆ. ಅಷ್ಟರಲ್ಲಿ ಒಬ್ಬನು ದುಬೈಯಲ್ಲಿ, ಒಬ್ಬನು ಬೆಂಗಳೂರಿನಲ್ಲಿ. ಆದ್ದರಿಂದ ಐವರೂ ಕೂಡಿ ಹೋಗಬಹುದಾದ ಕಾಲ ಈ ಎರಡು ತಿಂಗಳು ಮಾತ್ರ. ನಮ್ಮ ಜಿಲ್ಲೆಯಲ್ಲಿ ರಸ್ತೆಗೆ ಇಳಿಯಲೇಬಾರದ ಕಾಲವೂ ಈ ಎರಡು ತಿಂಗಳೇ! ಅಕ್ಟೋಬರಿನಲ್ಲಿ ಹೋದರೆ ದಾರಿ ಚೆನ್ನ, ಗೆಳೆಯರಿಲ್ಲ. ಜೂನಿನಲ್ಲಿ ಹೋದರೆ ಗೆಳೆಯರಿದ್ದಾರೆ, ದಾರಿ ಕೆಟ್ಟದ್ದು.

ಹೆದರಿಸುವುದಕ್ಕೆ ಹೇಳುವ ಮಾತಲ್ಲ ಇದು. ೨೦೨೨ರ ಆಗಸ್ಟ್ ಮೊದಲ ದಿನಗಳಲ್ಲಿ ಭಟ್ಕಳದಲ್ಲಿ ಒಂದೇ ದಿನದಲ್ಲಿ ಐನೂರು ಮಿಲಿಮೀಟರಿಗೂ ಮೀರಿ ಮಳೆ ಸುರಿದದ್ದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಾದದ್ದು ನಮ್ಮ ಕಣ್ಣೆದುರಿನ ಸಂಗತಿ. ೨೦೨೪ರ ಜುಲೈ ೧೬ರಂದು ಶಿರೂರಿನಲ್ಲಿ (ನಮ್ಮ ಗಡಿಯಾಚೆಯ ಶಿರೂರಲ್ಲ, ಅಂಕೋಲಾ ತಾಲೂಕಿನದು) ಹೆದ್ದಾರಿಯ ಪಕ್ಕದ ಗುಡ್ಡ ಜಾರಿ, ಚಹದಂಗಡಿಯೂ ಅಲ್ಲಿ ನಿಂತ ವಾಹನಗಳೂ ಗಂಗಾವಳಿಯ ಪಾಲಾದವು. ನೀರಿನಲ್ಲಿ ಮುಳುಗಿದ ಒಂದು ಲಾರಿಯನ್ನು ಮೇಲಕ್ಕೆತ್ತಿದ್ದು ಸೆಪ್ಟೆಂಬರಿನಲ್ಲಿ. ಅದೇ ವರ್ಷ ಆಗಸ್ಟ್ ೭ರ ರಾತ್ರಿ ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿಯಿತು; ಲಾರಿಯ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಚಹದಂಗಡಿಯಲ್ಲಿ ನಿಂತವರು ಯಾರೂ ಸಾಹಸಕ್ಕೆ ಹೊರಟವರಲ್ಲ. ಚಹ ಕುಡಿಯಲು ನಿಂತವರು.

ಹಾಗೆಂದು ಮನೆಯಲ್ಲಿಯೇ ಇರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಾವು ಪದವಿ ಮುಗಿಸಿದಾಗ ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಅದು ಪೂರ್ತಿಯಾಗಿ ಓಡತೊಡಗಿದ್ದು ೧೯೯೮ರ ಜನವರಿಯಿಂದ. ನಾವೂ ಐವರಿದ್ದೆವು. ಬನವಾಸಿಗೆ ಹೋಗೋಣವೆಂದು ಎರಡು ಬೇಸಿಗೆ ಮಾತಾಡಿದೆವು. ಒಬ್ಬನಿಗೆ ನೌಕರಿಯ ಕಾಗದ ಬಂತು, ಒಬ್ಬನ ತಂದೆ ತೀರಿಕೊಂಡರು. ಈಗ ಐವರಲ್ಲಿ ನಾಲ್ವರಿದ್ದೇವೆ. ಬನವಾಸಿಯನ್ನು ಅನಂತರ ನಾನು ನಾಲ್ಕಾರು ಸಲ ನೋಡಿದ್ದೇನೆ, ಮಕ್ಕಳನ್ನು ಕರೆದುಕೊಂಡು ಹೋಗಿ ಮಧುಕೇಶ್ವರನ ಗುಡಿಯ ಶಿಲ್ಪವನ್ನು ವಿವರಿಸಿದ್ದೇನೆ. ಆ ಐವರ ಬನವಾಸಿಯನ್ನು ನೋಡಿಲ್ಲ.

ಹೀಗಾಗಿ ಹೊರಡುವುದೆಂಬ ಪಕ್ಷವನ್ನೇ ಹಿಡಿದು, ಹೇಗೆ ಹೊರಡಬೇಕೆಂಬುದಕ್ಕೆ ಕುಳಿತೆವು. ಹುಡುಗರ ಮನಸ್ಸು ಕಾರಿನ ಮೇಲಿತ್ತು. ಪರಿಚಯದವರ ಕಾರನ್ನು ದಿನಕ್ಕಿಷ್ಟೆಂದು ಕೊಟ್ಟು ತರುವ ಯೋಚನೆ. ಬಿಳಿಯ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ಓಡಿಸಿ ಅಪಘಾತವಾದರೆ ವಿಮೆಯ ಹಣಕ್ಕೆ ಕುತ್ತು ಬರುತ್ತದೆ, ಕೊಟ್ಟವನೂ ತಂದವನೂ ಕೋರ್ಟು ಅಲೆಯಬೇಕಾಗುತ್ತದೆ. ಕಾನೂನಿನ ಮಾತನ್ನು ಬದಿಗಿಟ್ಟರೂ, ಐವರಲ್ಲಿ ಓಡಿಸಬಲ್ಲವನು ಒಬ್ಬನೇ. ಗೇರುಸೊಪ್ಪೆಯ ಘಟ್ಟವನ್ನು ಮಳೆಯಲ್ಲಿ ಅವನು ಹತ್ತಿದವನಲ್ಲ. ನಾಲ್ವರು ಹಾಡುತ್ತ ಕೂತಿರುವಾಗ ಒಬ್ಬನು ಕಣ್ಣು ಕೀಲಿಸಿ ತಿರುವುಗಳನ್ನು ಎಣಿಸುವುದಾದರೆ ಅವನ ಪಾಲಿಗೆ ಅದು ಪಯಣವಲ್ಲ, ದುಡಿಮೆ. ಬೈಕಿನ ಮಾತನ್ನು ನಾನು ಬೆಳೆಯಗೊಡಲೇ ಇಲ್ಲ. ಕೊನೆಗೆ ಸರಕಾರಿ ಬಸ್ಸೆಂದಾಯಿತು. ಬಸ್ಸಿನ ಚಾಲಕನಿಗೆ ಆ ಘಟ್ಟದ ಪ್ರತಿ ತಿರುವೂ ಕೈರೇಖೆಯಂತೆ ಗೊತ್ತು. ರಸ್ತೆ ಕೆಟ್ಟರೆ ಬಸ್ಸು ಬಿಡುವುದಿಲ್ಲ. ಬಸ್ಸು ಬಿಡದ ದಿನ ನಾವೂ ಹೊರಡುವುದಿಲ್ಲ. ಇದಕ್ಕಿಂತ ಸುಲಭವಾದ ಸೂತ್ರ ನನಗೆ ತಿಳಿಯದು.

ದಾರಿ ಹೀಗೆ: ಭಟ್ಕಳದಿಂದ ಹೊನ್ನಾವರಕ್ಕೆ ಹೆದ್ದಾರಿಯಲ್ಲಿ ಸುಮಾರು ೪೦ ಕಿಲೋಮೀಟರು. ಅಲ್ಲಿ ಶರಾವತಿ ಕಡಲನ್ನು ಸೇರುವ ನೋಟವನ್ನು ಬಸ್ಸಿನ ಕಿಟಕಿಯಿಂದಲಾದರೂ ನೋಡಬೇಕು. ಅದರ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಮೀರಿದ್ದು, ಕೊಂಕಣ ರೈಲುದಾರಿಯಲ್ಲಿಯೇ ಅತ್ಯಂತ ಉದ್ದವಾದದ್ದು. ಸೇತುವೆಗಳು ಬರುವ ಮುನ್ನ ಈ ಕರಾವಳಿಯಲ್ಲಿ ಪಯಣವೆಂದರೆ ಹೊಳೆಗೊಂದರಂತೆ ದೋಣಿಗಾಗಿ ಕಾಯುವುದು. ಕಾಯುವಾಗ ಪರಿಚಯವಾಗಿ, ಆ ಪರಿಚಯ ನೆಂಟಸ್ತಿಕೆಯವರೆಗೆ ಬೆಳೆದ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು. ಹೊನ್ನಾವರದಿಂದ ಗೇರುಸೊಪ್ಪೆಯ ಮೇಲೆ ಜೋಗಕ್ಕೆ ೬೦ ಕಿಲೋಮೀಟರಿನ ಸುಮಾರು. ಗೇರುಸೊಪ್ಪೆಯನ್ನು ಎಲ್ಲರೂ ದಾಟಿಕೊಂಡು ಹೋಗುತ್ತಾರೆ, ಇಳಿಯುವವರು ವಿರಳ. ೧೬ನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಆಳಿದ ನೆಲ ಅದು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು. ಕರೆದದ್ದು ಗೌರವದಿಂದಲೋ ಹೊಟ್ಟೆಕಿಚ್ಚಿನಿಂದಲೋ, ಬಲ್ಲವರು ಹೇಳಬೇಕು. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಇನ್ನೂ ನಿಂತಿದೆ. ನಮ್ಮ ಭಟ್ಕಳದ ಕಲ್ಲಿನ ಮಾಡಿನ ಕೇತಪೈ ನಾರಾಯಣ ಗುಡಿಯನ್ನು ನೋಡಿ ಬೆಳೆದ ಹುಡುಗರು ಈ ಬಸದಿಯನ್ನು ನೋಡಿ ಏನನ್ನುತ್ತಾರೆಂದು ತಿಳಿಯುವ ಆಸೆ ನನಗಿದೆ.

ಜೋಗದ ವಿಷಯದಲ್ಲಿ ಹುಡುಗರಿಗೆ ಒಂದು ಎಚ್ಚರಿಕೆ ಕೊಟ್ಟೆ. ೨೫೩ ಮೀಟರು, ಎಂದರೆ ೮೩೦ ಅಡಿ, ಧುಮುಕುವ ನೀರು ಚಿತ್ರದಲ್ಲಿ ಕಂಡಂತೆ ಕಾದು ಕುಳಿತಿರುವುದಿಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದಮೇಲೆ ಮೇಲಿನ ನೀರು ಮೊದಲು ಅಲ್ಲಿ ನಿಲ್ಲುತ್ತದೆ. ಜೂನಿನ ಮೊದಲಿಗೆ ಧಾರೆಗಳು ತೆಳು. ಮಳೆ ಬಲವಾದ ಮೇಲೆ ಧಾರೆಗಳು ತುಂಬುತ್ತವೆ, ಆದರೆ ಮಂಜು ಕವಿದು ರಾಜನೂ ರಾಣಿಯೂ ಕಾಣದೆ ಬರಿಯ ಸದ್ದು ಕೇಳಿಸುವುದೂ ಉಂಟು. ಮಂಜು ಸರಿಯುವವರೆಗೆ ಹರಟುತ್ತ ಕೂರಬೇಕು. ಗೆಳೆಯರಿದ್ದರೆ ಅದು ಕಷ್ಟವಲ್ಲ.

ಅಲ್ಲಿಂದ ಸಿದ್ದಾಪುರ. ಹತ್ತಿರದ ಭುವನಗಿರಿಯಲ್ಲಿ ಭುವನೇಶ್ವರಿಯ ಗುಡಿ. ಮುಂದೆ ಸಿರಸಿ, ಸಿರಸಿಯಿಂದ ಇಪ್ಪತ್ತಕ್ಕೆ ಸ್ವಲ್ಪ ಮೇಲೆ ಕಿಲೋಮೀಟರಿನಲ್ಲಿ ವರದೆಯ ದಂಡೆಯ ಬನವಾಸಿ. ಕದಂಬರ ರಾಜಧಾನಿ, ಆದಿಕವಿ ಪಂಪನ ಮನಸ್ಸು ಬಿಡದೆ ಹಿಡಿದುಕೊಂಡ ಊರು. ಈ ಒಂದು ಊರನ್ನು ಪಟ್ಟಿಗೆ ಸೇರಿಸಿದವನು ನಾನೆಂದು ಒಪ್ಪಿಕೊಳ್ಳುತ್ತೇನೆ. ಪಂಡಿತನ ಸಲಹೆ ಕೇಳಿದಮೇಲೆ ಇಷ್ಟು ತೆರಿಗೆಯನ್ನು ಕೊಡದಿದ್ದರೆ ಹೇಗೆ? ತಿರುಗಿ ಬರುವಾಗ ಸಿರಸಿಯಿಂದ ದೇವಿಮನೆ ಘಟ್ಟವನ್ನಿಳಿದು ಕುಮಟಾ, ಅಲ್ಲಿಂದ ಮನೆ. ಒಟ್ಟು ಸುಮಾರು ೩೨೦ ಕಿಲೋಮೀಟರು. ದೇವಿಮನೆ ಘಟ್ಟವನ್ನು ರಸ್ತೆ ಅಗಲಿಸುವ ಕೆಲಸಕ್ಕಾಗಿ ಮುಚ್ಚಿದ್ದೂ ಉಂಟು. ಆದಕಾರಣ ಸಿರಸಿಯ ಬಸ್ ನಿಲ್ದಾಣದಲ್ಲಿ ವಿಚಾರಿಸಿ, ಇಲ್ಲವಾದರೆ ಹೋದ ದಾರಿಯಲ್ಲಿಯೇ ಇಳಿಯುವುದೆಂದು ಬರೆದುಕೊಂಡರು. ಯಾಣದ ಬಂಡೆಗಳನ್ನು ಬಿಟ್ಟೆವು. ೧೨೦ ಮೀಟರೆತ್ತರದ ಆ ಕಪ್ಪು ಶಿಖರ ನೋಡತಕ್ಕದ್ದೇನೋ ನಿಜ, ಆದರೆ ಮಳೆಗಾಲದಲ್ಲಿ ಕಾಲಡಿಯ ಜಾರಿಕೆ, ಕಾಲ್ಬೆರಳ ಸಂದಿಯ ಉಂಬಳ. ನೇತ್ರಾಣಿ ದ್ವೀಪದ ಆಸೆಯನ್ನೂ ಬಿಟ್ಟದ್ದಾಯಿತು. ಮಳೆಗಾಲದ ಕಡಲಿನಲ್ಲಿ ಅಲ್ಲಿಗೆ ದೋಣಿ ಹೋಗದೆಂಬುದನ್ನು ಮೊಗೇರರ ಹುಡುಗನೇ ಹೇಳಿದ.

ನಾಲ್ಕು ದಿನದ ದಾರಿಗೆ ಐದು ದಿನವನ್ನು ಇಟ್ಟುಕೊಂಡಿದ್ದಾರೆ. ಐದನೆಯದು ಖಾಲಿ ದಿನ. ಹವಾಮಾನ ಇಲಾಖೆಯವರು ಕೆಂಪು ಎಚ್ಚರಿಕೆಯನ್ನು ಕೊಟ್ಟರೆ ಇದ್ದ ಊರಿನಲ್ಲಿಯೇ ಉಳಿಯುವುದಕ್ಕೆ ಅದು. ಖಾಲಿ ದಿನವಿಲ್ಲದ ಪಯಣವೇ ಜನರನ್ನು ರಾತ್ರಿಯಲ್ಲಿ ಘಟ್ಟ ಇಳಿಯಲು ಹಚ್ಚುವುದು. ಒಬ್ಬನು ಶುಕ್ರವಾರದ ನಮಾಜಿಗೆ ಪಟ್ಟಣದಲ್ಲಿರಬೇಕು. ಆ ಮಧ್ಯಾಹ್ನ ಸಿರಸಿಯಲ್ಲಿರುವಂತೆ ಹೊಂದಿಸಿದರು. ಒಬ್ಬನು ಮೀನು ಮುಟ್ಟುವವನಲ್ಲ. ಅವನು ತನ್ನ ಉಪ್ಪಿನಕಾಯಿಯನ್ನು ತಾನೇ ತರುತ್ತಾನಂತೆ. ಇಂಥವುಗಳಿಗೆ ನನ್ನ ಸಲಹೆ ಬೇಕಾಗಲಿಲ್ಲ.

ಇನ್ನು ದುಡ್ಡಿನ ಮಾತು. ಎರಡನೆಯ ಸಂಜೆ ಮೊಗೇರರ ಹುಡುಗ, 'ನೀವು ನಾಲ್ವರು ಹೋಗಿ ಬನ್ನಿ, ನನಗೆ ಬಲೆ ಹೊಲಿಯುವ ಕೆಲಸವಿದೆ' ಎಂದ. ಬಲೆ ಹೊಲಿಯುವ ಕೆಲಸ ಮಳೆಗಾಲದಲ್ಲಿ ಇರುವುದೇ ಸರಿ, ಆದರೆ ಐದು ದಿನಕ್ಕೆ ಓಡಿಹೋಗುವ ಕೆಲಸವಲ್ಲ. ಗೆಳೆಯರು ಕಾಡಿದರು, ಬೈದರು. ಒಬ್ಬನಂತೂ 'ಈಗಲೇ ನಮ್ಮನ್ನು ಮರೆತೆಯಾ' ಎಂದುಬಿಟ್ಟ. ಅವನು ತಲೆ ತಗ್ಗಿಸಿ ಕೂತಿದ್ದ. ಅವನ ಕೈಯಲ್ಲಿ ದುಡ್ಡಿಲ್ಲವೆಂಬುದು ಅವರಿಗೆ ಹೊಳೆಯಲಿಲ್ಲ. ಹದಿನೈದು ವರ್ಷದ ಗೆಳೆತನದಲ್ಲಿ ದುಡ್ಡು ಅಡ್ಡ ಬಂದಿರಲಿಲ್ಲವಲ್ಲ, ಶಾಲೆಯ ಬಿಸಿಯೂಟಕ್ಕೆ ದುಡ್ಡಿಲ್ಲ, ಮೈದಾನದ ಆಟಕ್ಕೆ ದುಡ್ಡಿಲ್ಲ. ಗೆಳೆಯರ ನಡುವೆ ದುಡ್ಡು ಬಂದು ಕೂರುವುದು ಮೊದಲ ಸಲ ಇಂಥ ಪಯಣದಲ್ಲಿಯೇ. 'ನಿನ್ನ ಪಾಲನ್ನು ನಾನು ಕೊಡುತ್ತೇನೆ' ಎಂದು ಉಳ್ಳವನೊಬ್ಬನು ಹೇಳಬಹುದಿತ್ತು. ಹೇಳಿದ್ದರೆ ಅವನು ಬರುತ್ತಲೇ ಇರಲಿಲ್ಲ.

ನಾನು ಪರೀಕ್ಷೆಯ ಮಾಸ್ತರನ ರೀತಿಯಲ್ಲಿ ಐದು ಚೀಟಿ ಹರಿದು ಕೊಟ್ಟೆ. ಪ್ರತಿಯೊಬ್ಬನೂ ತನಗೆ ಸಂಕಟವಿಲ್ಲದೆ ಎಷ್ಟು ಹಾಕಬಲ್ಲೆನೆಂಬುದನ್ನು ಅಂಕೆಯಲ್ಲಿ ಬರೆಯತಕ್ಕದ್ದು, ಹೆಸರು ಬರೆಯಕೂಡದು. ಎಲ್ಲವೂ ನನ್ನ ಕನ್ನಡಕದ ಡಬ್ಬಿಗೆ ಬಿದ್ದವು. ಒಂದರಲ್ಲಿ ಎಂಟು ಸಾವಿರವಿತ್ತು, ಒಂದರಲ್ಲಿ ಎರಡು ಸಾವಿರ. ಯಾರದು ಯಾವುದೆಂದು ಕೇಳಲಿಲ್ಲ. ಅತಿ ಕಡಮೆಯದೇ ಎಲ್ಲರ ಪಾಲು. ಪಯಣ ಅಷ್ಟರಲ್ಲಿಯೇ ಆಗಬೇಕು ಎಂದೆ. ಎಂಟು ಸಾವಿರ ಬರೆದವನಿಗೆ ನಿರಾಸೆಯಾಗಿರಬಹುದು. ಆದರೆ ಎರಡು ಸಾವಿರದಲ್ಲಿ ಐದು ದಿನ ಕಳೆಯುವುದು ಹೇಗೆಂದು ಐವರೂ ತಲೆ ಕೂಡಿಸಿ ಕುಳಿತಾಗ ಹುಟ್ಟಿದ ಉತ್ಸಾಹ, ಲಡಾಖಿನ ಪಟ್ಟಿ ಬರೆಯುವಾಗ ಇರಲಿಲ್ಲ. ಸಿರಸಿಯಲ್ಲಿ ಒಬ್ಬನ ಸೋದರತ್ತೆಯ ಮನೆಯಿದೆ, ಎರಡು ರಾತ್ರಿ ಅಲ್ಲಿ. ಮೊದಲ ದಿನದ ಊಟ ಬುತ್ತಿಯಲ್ಲಿ. ಉಳಿದ ರಾತ್ರಿಗಳಿಗೆ ಐವರಿಗೆ ಒಂದೇ ಕೋಣೆ. ಅಂಗಡಿಯವರ ಮಗ ಖರ್ಚಿನ ವಹಿ ಇಡುತ್ತಾನೆ. ಬೆಂಗಳೂರಿನಲ್ಲಿ ಲೆಕ್ಕ ಬರೆಯುವವನು ತಾನು ಈಗಲೇ ಆ ಕೆಲಸಕ್ಕೆ ಕೈ ಹಚ್ಚುವುದಿಲ್ಲವೆಂದ.

ಹೆಣ್ಣುಮಕ್ಕಳ ವಿಚಾರವನ್ನು ಬಿಟ್ಟರೆ ನಮ್ಮ ಅಕ್ಕೋರು ಸುಮ್ಮನಿರುವುದಿಲ್ಲ. ೨೦೨೩ರ ಜೂನ್ ೧೧ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೀಟಿನ ದುಡ್ಡಿಲ್ಲ. ಈ ಸವಲತ್ತಿನ ಬಗ್ಗೆ ಪರವಾಗಿಯೂ ವಿರುದ್ಧವಾಗಿಯೂ ಬೇಕಾದಷ್ಟು ವಾದಗಳಿವೆ, ಅವು ಇಲ್ಲಿ ಬೇಡ. ನಾನು ಕಂಡದ್ದು ಇಷ್ಟು: ಮೀನು ಮಾರುವ ತಾಯಂದಿರ ನಾಲ್ಕು ಮಂದಿ ಹೆಣ್ಣುಮಕ್ಕಳು ಪದವಿ ಮುಗಿಸಿದ ವಾರದಲ್ಲಿ ಗುರುತಿನ ಚೀಟಿ ಹಿಡಿದು ಬಸ್ಸು ಹತ್ತಿ, ಕಾರವಾರದವರೆಗೂ ಹೋಗಿ ಕಡಲದಂಡೆಯಲ್ಲಿ ಕುಳಿತು ಸಂಜೆಗೆ ಬಂದರು. ರವೀಂದ್ರನಾಥ ಠಾಕೂರರು ಯೌವನದಲ್ಲಿ ಬಂದುಳಿದು ಬರೆದ ದಂಡೆ ಅದು. ಮನೆಯವರು ಮೊದಲು ಬೇಡವೆಂದದ್ದು ಖರ್ಚಿನ ನೆವ ಹೇಳಿ. ಆ ನೆವ ನಿಲ್ಲಲಿಲ್ಲ. ಆಮೇಲೆ ನಿಜವಾದ ಕಾರಣ ಹೊರಬಿತ್ತು, ಅದಕ್ಕೆ ಆ ಮಕ್ಕಳೇ ಉತ್ತರ ಹೇಳಿಕೊಂಡರು.

ನೀರಿನ ಮಾತನ್ನು ಹೇಳದೆ ಬಿಡಲಾರೆ. ೨೦೨೪ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿಗೆ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದ ನಾಲ್ಕು ಹೆಣ್ಣುಮಕ್ಕಳು ತಿರುಗಿ ಮನೆಗೆ ಹೋಗಲಿಲ್ಲ. ಅದು ಮಳೆಗಾಲವೂ ಅಲ್ಲ. ಬಯಲುಸೀಮೆಯ ಮಕ್ಕಳಿಗೆ ಕಡಲೆಂದರೆ ಕುಣಿದಾಡುವ ನೀರು. ಕೆಳಗಿನಿಂದ ಮರಳನ್ನೇ ಸೆಳೆದೊಯ್ಯುವ ಸೆಳವು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಊರಿನ ಹುಡುಗರಿಗೆ ಇದು ಗೊತ್ತು. ಆದರೆ ಅವರು ಹೋಗುವುದು ಹೊಳೆ, ಹಳ್ಳ, ಜಲಪಾತದ ನಾಡಿಗೆ. ಕಡಲನ್ನು ಬಲ್ಲವನು ಹಳ್ಳವನ್ನು ಲಘುವಾಗಿ ಕಾಣುತ್ತಾನೆ. ಘಟ್ಟದ ಹಳ್ಳಕ್ಕೆ ಎಲ್ಲೋ ಮೇಲೆ ಬಿದ್ದ ಮಳೆಯಿಂದ ಗಳಿಗೆಯೊಳಗೆ ನೀರೇರುತ್ತದೆ, ಪಾಚಿಗಟ್ಟಿದ ಬಂಡೆಗೆ ಈಜು ಬಲ್ಲವನೂ ಒಂದೇ, ಬಾರದವನೂ ಒಂದೇ. ಮೊಬೈಲಿನಲ್ಲಿ ತಮ್ಮ ಚಿತ್ರ ತಾವೇ ತೆಗೆದುಕೊಳ್ಳಲು ಹಿಂದಕ್ಕೆ ಹೆಜ್ಜೆಯಿಡುವವನ ಬೆನ್ನಿಗೆ ಕಣ್ಣಿಲ್ಲ. ಮೊಬೈಲಿನ ನಕ್ಷೆಯೂ ಘಟ್ಟದ ನಡುವೆ ಸಿಗ್ನಲ್ ಇಲ್ಲದೆ ಮೌನ ತಾಳುವುದುಂಟು. ಅದಕ್ಕಾಗಿ ಊರುಗಳ ಹೆಸರು, ಬಸ್ಸಿನ ವೇಳೆ, ಅತ್ತೆಯ ಮನೆಯ ವಿಳಾಸ, ತುರ್ತಿನ ೧೧೨ ಎಂಬ ಸಂಖ್ಯೆ ಇವಿಷ್ಟನ್ನು ಕಾಗದದಲ್ಲಿ ಬರೆಸಿದೆ. ಐದು ಪ್ರತಿ ಐದು ಮನೆಗೆ, ಆರನೆಯದು ನನ್ನ ಮೇಜಿನ ಮೇಲೆ.

ಪ್ರತಿಯನ್ನು ತಲುಪಿಸುವ ನೆಪದಿಂದ ಒಂದು ದಿನ ಮೊಗೇರರ ಮನೆಗೆ ಹೋಗಿದ್ದೆ. ಅವನ ತಾಯಿ ಜಗಲಿಯಲ್ಲಿ ಒಣಮೀನನ್ನು ಮಳೆಗೆ ಮುಂಚೆ ಒಳಗೆ ಕಟ್ಟಿಡುತ್ತಿದ್ದರು. ಮಳೆ, ಘಟ್ಟ, ಬಸ್ಸು ಎಂದು ನಾನು ಸಮಾಧಾನ ಹೇಳತೊಡಗಿದರೆ ಅವರು ನಕ್ಕರು. 'ಬೋಟಿಗೆ ಹೋಗುವವನಿಗೆ ಬಸ್ಸಿನ ಹೆದರಿಕೆ ಏನು ಮಾಸ್ತರೆ? ಹೋಗಿ ಬರಲಿ. ಬಂದಮೇಲೆ ಅವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋಗ್ತಾರೆ, ಇವನೊಬ್ಬ ಇಲ್ಲೇ ಉಳೀತಾನೆ. ನನಗೆ ಚಿಂತೆ ಅದರದು' ಎಂದರು. ನಾನು ಕಾಗದವನ್ನು ಕೊಟ್ಟು, ಕೊಟ್ಟ ಚಹ ಕುಡಿದು ಬಂದೆ.

ಎಲ್ಲವೂ ಬರೆದಾಗಿದೆ. ಹೊರಡುವ ತಾರೀಖಿನ ಜಾಗವನ್ನು ಮಾತ್ರ ಆರೂ ಪ್ರತಿಗಳಲ್ಲಿ ಖಾಲಿ ಬಿಟ್ಟಿದ್ದಾರೆ. ದುಬೈಗೆ ಹೋಗುವವನ ವೀಸಾ ಯಾವ ದಿನ ಬರುವುದೋ ತಿಳಿಯದು. ಅದು ಬಂದ ಸಂಜೆ ಐವರೂ ನಮ್ಮ ಮನೆಗೆ ಬಂದು ತಾರೀಖನ್ನು ತುಂಬುವರಂತೆ. ಜುಲೈ ೩೧ ದಾಟಬಾರದು, ಅಷ್ಟೆ.